ದಣಿದ ತಲೆಗೆ ಡಬ್ಬಿಯ ಮದ್ದು: ಫುಟ್‌ಬಾಲ್ ಆಟಗಾರರು ಮತ್ತು ಪೂರಕಗಳ ಲೆಕ್ಕಾಚಾರ

ವೃತ್ತಿಪರ ಫುಟ್‌ಬಾಲ್ ಆಟಗಾರನ ಕಾಲಿನ ಲೆಕ್ಕ ಈಗ ಚೂರೂ ಬಿಡದಂತೆ ಸಿಗುತ್ತದೆ. ಬೆನ್ನಿನ ಮೇಲ್ಭಾಗದಲ್ಲಿ ಕಟ್ಟಿಕೊಳ್ಳುವ ಜಿಪಿಎಸ್ ಸಾಧನ ಅವನು ಎಷ್ಟು ಓಡಿದ, ಎಷ್ಟು ಸಲ ಬಿರುಸಾಗಿ ನುಗ್ಗಿದ, ಯಾವ ನಿಮಿಷದಿಂದ ನಿಧಾನವಾದ ಎಂಬುದನ್ನೆಲ್ಲ ದಾಖಲಿಸುತ್ತದೆ. ತಲೆಯ ದಣಿವಿಗೆ ಇಂಥ ಸಾಧನವಿಲ್ಲ. ಒಂದು ಗೆರೆ ಎಳೆದು, ಈ ತುದಿ ‘ದಣಿವೇ ಇಲ್ಲ’, ಆ ತುದಿ ‘ಸಾಕುಸಾಕಾಗಿದೆ’, ನಡುವೆ ನಿನಗೆ ಸರಿ ಕಂಡಲ್ಲಿ ಗುರುತು ಹಾಕು ಎಂದು ಆಟಗಾರನನ್ನೇ ಕೇಳುವುದು ಇಂದಿಗೂ ಸಂಶೋಧಕರ ಮುಖ್ಯ ಅಳತೆಗೋಲು. ಅಳೆಯಲು ಬಾರದ ದಣಿವಿಗೆ ಮದ್ದು ಮಾರುವುದು ಸುಲಭ. ಆ ಮದ್ದು ಕೆಲಸ ಮಾಡಲಿಲ್ಲ ಎಂದು ತೋರಿಸುವುದು ಅಷ್ಟೇ ಕಷ್ಟ. ‘ಏಕಾಗ್ರತೆ’, ‘ಚುರುಕು’, ‘ಮಾನಸಿಕ ಶಕ್ತಿ’ ಎಂಬ ಹೆಸರಿನ ಪುಡಿ, ಮಾತ್ರೆ, ಚೂಯಿಂಗ್ ಗಮ್‌ನಂಥ ಪೂರಕಗಳು (ಸಪ್ಲಿಮೆಂಟ್) ಡ್ರೆಸಿಂಗ್ ರೂಮ್ ಹೊಕ್ಕಿರುವುದು ಈ ಸಂದಿಯಿಂದಲೇ.

ಇವುಗಳಲ್ಲಿ ಯಾವುದಕ್ಕೆ ಪುರಾವೆ ಇದೆ ಎಂಬ ಪ್ರಶ್ನೆಗೆ ಉತ್ತರ ಹೆಚ್ಚು ಉದ್ದವಿಲ್ಲ. ಪುರಾವೆ ಇರುವ ಒಂದೆರಡು ಪದಾರ್ಥಗಳು ಕೂಡ ಯಾರ ಸಮಸ್ಯೆಯನ್ನು ಪರಿಹರಿಸುತ್ತಿವೆ ಎಂಬ ಪ್ರಶ್ನೆ ಅದಕ್ಕಿಂತ ತೊಡಕಿನದು.

ಮೊದಲು ದಣಿವಿನ ವಿಷಯ. ಬಹಳ ಹೊತ್ತು ಗಮನವಿಟ್ಟು, ತಪ್ಪಾಗದಂತೆ ಎಚ್ಚರವಹಿಸಿ ತಲೆಗೆ ಕೆಲಸ ಕೊಟ್ಟಾಗ ಹುಟ್ಟುವ ಸ್ಥಿತಿಯನ್ನು ಮಾನಸಿಕ ದಣಿವು ಎನ್ನುತ್ತಾರೆ. ಇದು ದೇಹಕ್ಕೂ ಇಳಿಯುತ್ತದೆ ಎಂಬುದು ಹಳೆಯ ಗಮನಿಕೆ. 19ನೇ ಶತಮಾನದ ಕೊನೆಯಲ್ಲಿ ಇಟಲಿಯ ಟ್ಯೂರಿನ್‌ನ ಶರೀರಕ್ರಿಯಾ ವಿಜ್ಞಾನಿ ಆಂಜೆಲೊ ಮೊಸ್ಸೊ, ಉಪನ್ಯಾಸ ಕೊಟ್ಟು, ಮೌಖಿಕ ಪರೀಕ್ಷೆ ನಡೆಸಿ ಬಂದ ಸಹೋದ್ಯೋಗಿಗಳ ಸ್ನಾಯುಗಳು ಎಂದಿಗಿಂತ ಬೇಗ ಸೋಲುವುದನ್ನು ಗುರುತಿಸಿದ್ದ. ಅದನ್ನು ಕ್ರೀಡೆಯ ಪ್ರಯೋಗಾಲಯಕ್ಕೆ ತಂದದ್ದು 2009ರಲ್ಲಿ ಸ್ಯಾಮುಯೆಲೆ ಮಾರ್ಕೊರಾ ಮತ್ತು ಸಂಗಡಿಗರು. 16 ಮಂದಿಗೆ 90 ನಿಮಿಷ ಕಂಪ್ಯೂಟರ್ ಮುಂದೆ ಗಮನ ಬೇಡುವ ಕೆಲಸ ಕೊಟ್ಟು, ಬಳಿಕ ಸುಸ್ತಾಗುವವರೆಗೆ ಸೈಕಲ್ ತುಳಿಸಿದರು. ತಲೆ ದಣಿಯದ ದಿನ ಸರಾಸರಿ 754 ಸೆಕೆಂಡ್ ತುಳಿದವರು, ತಲೆ ದಣಿದ ದಿನ 640 ಸೆಕೆಂಡಿಗೇ ಕೈಚೆಲ್ಲಿದರು. ಕುತೂಹಲದ ಸಂಗತಿಯೆಂದರೆ ಹೃದಯ, ಶ್ವಾಸಕೋಶ, ಸ್ನಾಯುಗಳ ಕೆಲಸದಲ್ಲಿ ಇದಕ್ಕೆ ಕಾರಣ ಕಾಣಲಿಲ್ಲ. ಅದೇ ಶ್ರಮ ಹೆಚ್ಚು ಕಷ್ಟವೆಂದು ಅವರಿಗೆ ಅನಿಸಿತ್ತು, ಅಷ್ಟೆ.

ಫುಟ್‌ಬಾಲ್‌ಗೆ ಇದನ್ನು ಅನ್ವಯಿಸಿದಾಗ ಚಿತ್ರ ಇನ್ನಷ್ಟು ಸ್ಪಷ್ಟವಾಯಿತು. 2016ರಲ್ಲಿ ಮಿಚೆಲ್ ಸ್ಮಿತ್ ಮತ್ತು ತಂಡ ಆಟಗಾರರಿಗೆ 30 ನಿಮಿಷ ಸ್ಟ್ರೂಪ್ ಪರೀಕ್ಷೆ ಕೊಟ್ಟಿತು. ‘ಕೆಂಪು’ ಎಂಬ ಪದವನ್ನು ನೀಲಿ ಬಣ್ಣದಲ್ಲಿ ಬರೆದಿರುತ್ತಾರೆ. ಪದವನ್ನು ಓದದೆ ಬಣ್ಣವನ್ನು ಹೇಳಬೇಕು. ಮಾಡಿ ನೋಡಿದವರಿಗೆ ಗೊತ್ತು, ಐದೇ ನಿಮಿಷದಲ್ಲಿ ರೇಗಿಹೋಗುತ್ತದೆ. ಅದಾದ ಮೇಲೆ ಆಟಗಾರರು ಓಡಿದ ದೂರ ಕಡಿಮೆಯಾಯಿತು, ಪಾಸ್‌ಗಳಲ್ಲಿ ತಪ್ಪು ಹೆಚ್ಚಿತು, ಗೋಲಿನತ್ತ ಒದ್ದ ಚೆಂಡಿನ ವೇಗ ಮತ್ತು ಗುರಿ ಎರಡೂ ಕುಂದಿದವು. ಬ್ರೆಜಿಲ್‌ನಲ್ಲಿ ಲಿಯೊನಾರ್ಡೊ ಫೋರ್ಟೆಸ್ ತಂಡ ಸ್ಟ್ರೂಪ್ ಬದಲು ಮೊಬೈಲನ್ನೇ ಕೈಗೆ ಕೊಟ್ಟಿತು. ಪಂದ್ಯಕ್ಕೆ ಮೊದಲು 15 ನಿಮಿಷ ಸಾಮಾಜಿಕ ಜಾಲತಾಣ ನೋಡಿದವರಿಗೆ ಏನೂ ಆಗಲಿಲ್ಲ. 30 ಮತ್ತು 45 ನಿಮಿಷ ನೋಡಿದವರಲ್ಲಿ ಯಾರಿಗೆ ಪಾಸ್ ಕೊಡಬೇಕೆಂಬ ನಿರ್ಧಾರ ಹದಗೆಟ್ಟಿತು. ಹಾಗೆಂದು ಎಲ್ಲವೂ ಕುಸಿಯುವುದಿಲ್ಲ. ಒಂದೇ ಉಸಿರಿನ ಓಟ, ಜಿಗಿತ, ಒಮ್ಮೆಲೇ ಹಾಕುವ ಬಲಕ್ಕೆ ಮಾನಸಿಕ ದಣಿವು ಅಷ್ಟಾಗಿ ತಟ್ಟುವುದಿಲ್ಲ. ಪೆಟ್ಟು ಬೀಳುವುದು ನಿರ್ಧಾರಕ್ಕೆ, ನಿಖರತೆಗೆ, ‘ಇನ್ನೊಮ್ಮೆ ಹಿಂದೆ ಓಡಿ ರಕ್ಷಣೆಗೆ ನಿಲ್ಲಲೇ’ ಎಂಬ ಮನಸ್ಸಿಗೆ.

ಮಿದುಳಿನಲ್ಲಿ ಆಗುವುದೇನು ಎಂಬುದಕ್ಕೆ ಎರಡು ವಿವರಣೆಗಳು ಚಾಲ್ತಿಯಲ್ಲಿವೆ. ಮಿದುಳಿನ ಜೀವಕೋಶಗಳು ಶಕ್ತಿ ಬಳಸಿದಂತೆಲ್ಲ ಅಡೆನೊಸಿನ್ ಎಂಬ ರಾಸಾಯನಿಕ ಶೇಖರವಾಗುತ್ತದೆ, ಅದು ಶ್ರಮವನ್ನು ಭಾರವೆನಿಸುತ್ತದೆ ಮತ್ತು ಡೋಪಮಿನ್ ಎಂಬ ಇನ್ನೊಂದು ರಾಸಾಯನಿಕದ ಉತ್ತೇಜನವನ್ನು ತಗ್ಗಿಸುತ್ತದೆ ಎಂಬುದು ಒಂದು. ಇನ್ನೊಂದು 2022ರಲ್ಲಿ ಪ್ಯಾರಿಸ್‌ನ ಸಂಶೋಧಕರು ಮುಂದಿಟ್ಟದ್ದು. ದಿನದಲ್ಲಿ ಆರು ಗಂಟೆಗೂ ಹೆಚ್ಚು ಕಾಲ ಕಠಿಣ ಬೌದ್ಧಿಕ ಕೆಲಸ ಮಾಡಿದವರ ಮಿದುಳಿನ ಮುಂಭಾಗದಲ್ಲಿ ಗ್ಲುಟಮೇಟ್ ಎಂಬ ರಾಸಾಯನಿಕ ಕೂಡಿಕೊಂಡಿದ್ದನ್ನು ಅವರು ಸ್ಕ್ಯಾನ್‌ನಲ್ಲಿ ಕಂಡರು. ಅಂಥವರು ಸಂಜೆಯ ಹೊತ್ತಿಗೆ ಕಡಿಮೆ ಶ್ರಮದ, ತಕ್ಷಣ ಲಾಭ ಸಿಗುವ ಆಯ್ಕೆಗಳತ್ತ ವಾಲುತ್ತಿದ್ದರು. 85ನೇ ನಿಮಿಷದಲ್ಲಿ ಸಹ ಆಟಗಾರನತ್ತ ನೋಡದೆ ದೂರದಿಂದಲೇ ಗೋಲಿಗೆ ಒದ್ದುಬಿಡುವ ಮಿಡ್‌ಫೀಲ್ಡರ್ ಮೇಲೆ ಕೂಗಾಡುವ ಅಭಿಮಾನಿಗಳು ಇದನ್ನು ಒಮ್ಮೆ ನೆನೆಯಬಹುದು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಕ್ಷೇತ್ರದ ಅಧ್ಯಯನಗಳು ಬಹುಪಾಲು ಹತ್ತಿಪ್ಪತ್ತು ಜನರ ಮೇಲೆ ನಡೆದವು. ದರಿಯಾಸ್ ಹೊಲ್ಗಾಡೊ ಮತ್ತು ಸಂಗಡಿಗರು ಇವನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿ, ಪರಿಣಾಮ ಕಂಡ ಫಲಿತಾಂಶಗಳೇ ಹೆಚ್ಚು ಪ್ರಕಟವಾಗಿವೆ, ಸಂಖ್ಯಾಬಲ ದುರ್ಬಲವಾಗಿದೆ ಎಂದು ಆಕ್ಷೇಪಿಸಿದ್ದಾರೆ. ಮೈದಾನಕ್ಕೆ ಇಳಿಯುವ ಮುನ್ನ ಯಾವ ಆಟಗಾರನೂ ಅರ್ಧ ಗಂಟೆ ಬಣ್ಣದ ಪದಗಳನ್ನು ನೋಡುತ್ತ ಕೂರುವುದಿಲ್ಲ ಎಂಬ ಟೀಕೆಯೂ ನ್ಯಾಯವಾದದ್ದೇ. ದಣಿವು ಸುಳ್ಳು ಎಂದು ಇದರಿಂದ ಸಾಬೀತಾಗುವುದಿಲ್ಲ. ಅದರ ಗಾತ್ರ ಪ್ರಯೋಗಾಲಯ ಹೇಳಿದಷ್ಟೇ ಇರಬೇಕಾಗಿಲ್ಲ ಎಂದಷ್ಟೇ ತಿಳಿಯಬೇಕು. ಗಾತ್ರವೇ ಖಚಿತವಿಲ್ಲದ ದಣಿವನ್ನು ‘ಇಷ್ಟು ಪ್ರತಿಶತ ಕಡಿಮೆ ಮಾಡುತ್ತೇವೆ’ ಎನ್ನುವ ಡಬ್ಬಿಯನ್ನು ಅದೇ ಅನುಮಾನದಿಂದ ನೋಡಬೇಕಾಗುತ್ತದೆ.

ಕೆಫೀನ್: ಕೊಡುವ ಕೈ, ಕಸಿಯುವ ಕೈ

ಮಾನಸಿಕ ದಣಿವಿನ ಮಟ್ಟಿಗೆ ಗಟ್ಟಿ ಪುರಾವೆ ಇರುವ ಪೂರಕ ಒಂದೇ, ಕೆಫೀನ್. ಅದರ ಕೆಲಸದ ರೀತಿ ಸರಳ. ಮಿದುಳಿನ ಜೀವಕೋಶಗಳ ಮೇಲೆ ಅಡೆನೊಸಿನ್ ಬಂದು ಕೂರಬೇಕಾದ ಗ್ರಾಹಕಗಳಲ್ಲಿ (ರಿಸೆಪ್ಟರ್) ಕೆಫೀನ್ ಮೊದಲೇ ಹೋಗಿ ಕೂತುಬಿಡುತ್ತದೆ, ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಅಡೆನೊಸಿನ್ ಎಲ್ಲಿಗೂ ಹೋಗಿರುವುದಿಲ್ಲ. ಅದರ ಸಂದೇಶ ಮಾತ್ರ ತಲುಪುವುದಿಲ್ಲ. ದೇಹದ ತೂಕದ ಪ್ರತಿ ಕಿಲೋಗ್ರಾಂಗೆ 3ರಿಂದ 6 ಮಿಲಿಗ್ರಾಂ ಎಂಬುದು ಕ್ರೀಡಾ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಬಳಸುವ ಪ್ರಮಾಣ. 2009ರಲ್ಲಿ 12 ಫುಟ್‌ಬಾಲ್ ಆಟಗಾರರಿಗೆ ಕಿಲೋಗೆ 6 ಮಿಲಿಗ್ರಾಂ ಕೊಟ್ಟು ನೋಡಿದ ಪ್ರಯೋಗದಲ್ಲಿ ಪಾಸ್‌ಗಳ ನಿಖರತೆ ಹೆಚ್ಚಿತ್ತು. 2011ರಲ್ಲಿ ನಿದ್ದೆಗೆಟ್ಟ ರಗ್ಬಿ ಆಟಗಾರರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ, ನಿದ್ದೆಯ ಕೊರತೆಯಿಂದ ಪಾಸ್‌ಗಳಲ್ಲಿ ಆಗುವ ಎಡವಟ್ಟನ್ನು ಕೆಫೀನ್ ತಡೆದಿತ್ತು. ವಿಶ್ವ ಉದ್ದೀಪನ ಮದ್ದು ತಡೆ ಸಂಸ್ಥೆ ‘ವಾಡಾ’ 2004ರಲ್ಲೇ ಕೆಫೀನನ್ನು ನಿಷೇಧಿತ ಪಟ್ಟಿಯಿಂದ ಕೈಬಿಟ್ಟಿದೆ. ಬಳಕೆಯ ಮೇಲೆ ಕಣ್ಣಿಡಬೇಕಾದ ವಸ್ತುಗಳ ಪಟ್ಟಿಯಲ್ಲಿ ಮಾತ್ರ ಅದು ಉಳಿದುಕೊಂಡಿದೆ.

ಇನ್ನು ಅದರ ಬೆಲೆ. 75 ಕಿಲೋ ತೂಕದ ಆಟಗಾರನೊಬ್ಬ ರಾತ್ರಿ 9 ಗಂಟೆಯ ಪಂದ್ಯಕ್ಕೆಂದು 8 ಗಂಟೆಗೆ ಕಿಲೋಗೆ 3 ಮಿಲಿಗ್ರಾಂನಂತೆ 225 ಮಿಲಿಗ್ರಾಂ ಕೆಫೀನ್ ತೆಗೆದುಕೊಂಡ ಎಂದಿಟ್ಟುಕೊಳ್ಳಿ. ಆರೋಗ್ಯವಂತ ವಯಸ್ಕರಿಗೆ ಒಮ್ಮೆಗೆ 200 ಮಿಲಿಗ್ರಾಂವರೆಗೆ ಚಿಂತೆಯಿಲ್ಲ ಎಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಹೇಳಿದ್ದಕ್ಕಿಂತ ಇದು ಈಗಾಗಲೇ ತುಸು ಹೆಚ್ಚು. ಕೆಫೀನ್‌ನ ಅರ್ಧದಷ್ಟು ದೇಹದಿಂದ ಹೊರಹೋಗಲು ಸರಾಸರಿ ಐದು ಗಂಟೆ ಬೇಕು. ವಂಶವಾಹಿಗೆ ತಕ್ಕಂತೆ ಕೆಲವರಿಗೆ ಇನ್ನೂ ಹೆಚ್ಚು. ಅಂದರೆ ನಡುರಾತ್ರಿ ದಾಟಿ 1 ಗಂಟೆಯಾದರೂ ನೂರಕ್ಕೂ ಹೆಚ್ಚು ಮಿಲಿಗ್ರಾಂ ಅವನ ರಕ್ತದಲ್ಲಿ ಓಡಾಡುತ್ತಿರುತ್ತದೆ. ಮಲಗುವ ಆರು ಗಂಟೆ ಮೊದಲು ತೆಗೆದುಕೊಂಡ 400 ಮಿಲಿಗ್ರಾಂ ಕೆಫೀನ್ ಒಂದು ಗಂಟೆಗೂ ಹೆಚ್ಚು ನಿದ್ದೆ ಕಸಿದದ್ದು 2013ರ ಅಧ್ಯಯನವೊಂದರಲ್ಲಿ ಕಂಡುಬಂದಿದೆ. ಪಂದ್ಯದ ಉದ್ವೇಗ, ಪ್ರಖರ ದೀಪ, ತಡರಾತ್ರಿಯ ಪ್ರಯಾಣಗಳಿಂದ ಮೊದಲೇ ಮೊಟಕಾದ ನಿದ್ದೆಗೆ ಇದೂ ಸೇರುತ್ತದೆ. ಮೂರು ದಿನ ಬಿಟ್ಟು ಮತ್ತೆ ಪಂದ್ಯ. ಆಗ ತಲೆ ಇನ್ನಷ್ಟು ಭಾರ, ಕೆಫೀನ್‌ನ ಅಗತ್ಯ ಇನ್ನಷ್ಟು ಹೆಚ್ಚು. ಮಾನಸಿಕ ದಣಿವಿಗೆ ನಿಜವಾದ ಮದ್ದು ನಿದ್ದೆ; ಅದನ್ನೇ ಈ ಪೂರಕ ತಿನ್ನುತ್ತದೆ. ಒಂದು ಪಂದ್ಯದ ಲೆಕ್ಕದಲ್ಲಿ ಅದು ಲಾಭ. ಹತ್ತು ತಿಂಗಳ ಋತುವಿನ ಲೆಕ್ಕದಲ್ಲಿ ಹಾಗೆ ಹೇಳುವ ಧೈರ್ಯ ನನಗಿಲ್ಲ.

ಈ ಇಕ್ಕಟ್ಟಿಗೆ ಒಂದು ಜಾಣ ದಾರಿಯೂ ಇದೆ. 2018ರಲ್ಲಿ ಜೆರೊಯೆನ್ ವಾನ್ ಕುಟ್ಸೆಮ್ ಮತ್ತು ಸಂಗಡಿಗರು ಕೆಫೀನ್ ಮತ್ತು ಮಾಲ್ಟೊಡೆಕ್ಸ್‌ಟ್ರಿನ್ ಎಂಬ ಕಾರ್ಬೊಹೈಡ್ರೇಟ್ ಬೆರೆಸಿದ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳುವುದನ್ನು ಪರೀಕ್ಷಿಸಿದರು. ನುಂಗದಿದ್ದರೂ ಮಾನಸಿಕ ದಣಿವು ತಗ್ಗಿತ್ತು. ಬಾಯೊಳಗಿನ ಸಂವೇದಕಗಳ ಮೂಲಕವೇ ಮಿದುಳಿಗೆ ಸುದ್ದಿ ಮುಟ್ಟುತ್ತದೆ ಎಂಬುದು ಇದರ ಹಿಂದಿನ ತರ್ಕ. ರಾತ್ರಿ ಪಂದ್ಯಗಳಿಗೆ ಇದು ಒಗ್ಗಬಹುದು. ಆದರೆ ಉಗುಳಿಬಿಡುವ ನೀರನ್ನು ದುಬಾರಿ ಡಬ್ಬಿಯಲ್ಲಿ ತುಂಬಿ ಮಾರುವುದು ಕಷ್ಟ, ಹಾಗಾಗಿ ಜಾಹೀರಾತುಗಳಲ್ಲಿ ಇದರ ಸದ್ದಿಲ್ಲ.

ಉಳಿದವುಗಳ ಸಾಲು

ಕಾರ್ಬೊಹೈಡ್ರೇಟ್ ಅನ್ನು ಪೂರಕವೆಂದು ಕರೆಯುವುದೇ ಸ್ವಲ್ಪ ಅತಿಶಯ, ಅದು ಆಹಾರ. ಆದರೂ ದ್ವಿತೀಯಾರ್ಧದಲ್ಲಿ ತಲೆ ಮಂಕಾಗುವುದಕ್ಕೆ ಖಾಲಿಯಾದ ಶಕ್ತಿಮೂಲಗಳು ಕಾರಣವಾಗಿರುವಾಗ ಬೇರೆ ಕಡೆ ಹುಡುಕುವುದೇಕೆ? ಯುರೋಪ್‌ನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ನೇಮಿಸಿದ ತಜ್ಞರ ಗುಂಪು 2021ರಲ್ಲಿ ಪ್ರಕಟಿಸಿದ ಶಿಫಾರಸಿನಂತೆ ಪಂದ್ಯದ ವೇಳೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೊಹೈಡ್ರೇಟ್ ಸಾಕು. ಒಂದು ಬಾಟಲಿ ಕ್ರೀಡಾ ಪಾನೀಯ, ಒಂದು ಜೆಲ್‌ನ ಮಾತು ಅದು.

ಕ್ರಿಯಾಟಿನ್ ಸ್ನಾಯುಗಳಿಗೆ ಹೆಸರುವಾಸಿ. ಮಿದುಳಿಗೂ ಅದು ಶಕ್ತಿಯ ಮೂಲವೇ ಆದ್ದರಿಂದ ಆಸೆ ಹುಟ್ಟಿದ್ದು ಸಹಜ. ಏಳು ದಿನ ದಿನಕ್ಕೆ 20 ಗ್ರಾಂ ಕೊಟ್ಟು ನೋಡಿದ 2020ರ ಪ್ರಯೋಗದಲ್ಲಿ ಸ್ಟ್ರೂಪ್ ಪರೀಕ್ಷೆಯ ನಿಖರತೆ ಸುಧಾರಿಸಿತು. ಆದರೆ ಕಣ್ಣು–ಕೈ ಹೊಂದಾಣಿಕೆಯ ಕೌಶಲ ಮಾನಸಿಕ ದಣಿವಿನಿಂದ ಕುಂದುವುದು ತಪ್ಪಲಿಲ್ಲ. ಫುಟ್‌ಬಾಲ್‌ಗೆ ಬೇಕಾಗಿದ್ದದ್ದು ಎರಡನೆಯದು. ಬೀಟ್‌ರೂಟ್ ರಸದ ನೈಟ್ರೇಟ್‌ಗೆ ಕೊಂಚ ಒಳ್ಳೆಯ ಸುದ್ದಿ ಇದೆ: 2015ರಲ್ಲಿ ತಂಡದ ಆಟಗಳ 16 ಆಟಗಾರರು ಏಳು ದಿನ ಅದನ್ನು ಕುಡಿದು, ದೀರ್ಘ ಕಾಲದ ಓಟ–ವಿರಾಮಗಳ ವ್ಯಾಯಾಮದ ಉತ್ತರಾರ್ಧದಲ್ಲಿ ಬೇಗ ಪ್ರತಿಕ್ರಿಯಿಸಿದ್ದರು. ಒಂದು ಪ್ರಯೋಗ ಒಂದು ಪ್ರಯೋಗವೇ.

ಅಮಿನೊ ಆಮ್ಲಗಳ ಕಥೆ ಹೆಚ್ಚು ಹಳೆಯದು. ದೀರ್ಘ ವ್ಯಾಯಾಮದಲ್ಲಿ ಟ್ರಿಪ್ಟೊಫಾನ್ ಎಂಬ ಅಮಿನೊ ಆಮ್ಲ ಮಿದುಳಿಗೆ ಹೆಚ್ಚಾಗಿ ನುಸುಳಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಏರಿಸುತ್ತದೆ, ಅದೇ ದಣಿವು, ಅದರ ದಾರಿಗೆ ಅಡ್ಡವಾಗಿ ಬಿಸಿಎಎ ಎಂಬ ಬೇರೆ ಅಮಿನೊ ಆಮ್ಲಗಳನ್ನು ಕೊಟ್ಟರಾಯಿತು ಎಂಬ ಊಹೆಯನ್ನು ಎರಿಕ್ ನ್ಯೂಶೋಮ್ 1987ರಲ್ಲಿ ಮುಂದಿಟ್ಟರು. ಸುಂದರ ಊಹೆ. ಪ್ರಯೋಗಗಳು ಅದಕ್ಕೆ ತಕ್ಕ ಬೆಂಬಲ ಕೊಡಲಿಲ್ಲ, ಆದರೂ ಡಬ್ಬಿಗಳ ಮಾರಾಟ ನಿಲ್ಲಲಿಲ್ಲ. ಡೋಪಮಿನ್ ತಯಾರಿಗೆ ಬೇಕಾದ ಟೈರೊಸಿನ್ ಚಳಿ ಮತ್ತು ನಿದ್ದೆಗೇಡಿನಂಥ ಒತ್ತಡದಲ್ಲಿದ್ದವರಿಗೆ ಸ್ವಲ್ಪ ನೆರವಾದದ್ದುಂಟು. ವ್ಯಾಯಾಮದ ವಿಷಯದಲ್ಲಿ ಫಲಿತಾಂಶಗಳು ಅತ್ತಿತ್ತ. ರೋಡಿಯೋಲ, ಜಿನ್ಸೆಂಗ್, ಅಣಬೆಯ ಸಾರಗಳು ಮತ್ತು ಹೆಸರು ಹೇಳದೆ ‘ವಿಶೇಷ ಮಿಶ್ರಣ’ ಎಂದಷ್ಟೇ ಬರೆದ ಪುಡಿಗಳ ಬಗ್ಗೆ ಹೆಚ್ಚು ಹೇಳುವುದು ವ್ಯರ್ಥ. ವೃತ್ತಿಪರ ಫುಟ್‌ಬಾಲ್ ಆಟಗಾರನ ತಲೆಯ ದಣಿವಿಗೆ ಇವುಗಳಿಂದ ಪ್ರಯೋಜನವೆಂದು ನಂಬಲು ಬೇಕಾದಷ್ಟು ಆಧಾರವಿಲ್ಲ.

ನಂಬಿಕೆಯೇ ಒಂದು ಪದಾರ್ಥ ಎಂಬುದನ್ನೂ ಮರೆಯಬಾರದು. 2006ರಲ್ಲಿ ಕ್ರಿಸ್ ಬೀಡಿ ತಂಡ ಸೈಕಲ್ ಸ್ಪರ್ಧಿಗಳಿಗೆ ಪ್ರತಿ ಸಲವೂ ಕೆಫೀನ್ ಇಲ್ಲದ ಹುಸಿ ಮಾತ್ರೆಯನ್ನೇ ಕೊಟ್ಟು, ಒಮ್ಮೆ ಕಡಿಮೆ ಕೆಫೀನ್, ಒಮ್ಮೆ ಹೆಚ್ಚು ಕೆಫೀನ್, ಒಮ್ಮೆ ಏನೂ ಇಲ್ಲ ಎಂದು ಹೇಳಿತು. ಹೆಚ್ಚು ಕೆಫೀನ್ ಎಂದು ನಂಬಿದ ದಿನ ಹೆಚ್ಚು ಬಲ, ಕಡಿಮೆ ಎಂದು ನಂಬಿದ ದಿನ ತುಸು ಬಲ, ಏನೂ ಇಲ್ಲವೆಂದು ತಿಳಿದ ದಿನ ಮಾಮೂಲಿಗಿಂತಲೂ ಕಡಿಮೆ. ದಣಿವನ್ನು ಆಟಗಾರನ ಅನಿಸಿಕೆಯಿಂದಲೇ ಅಳೆಯುವ ಕ್ಷೇತ್ರದಲ್ಲಿ ಇದು ಚಿಕ್ಕ ಮಾತಲ್ಲ. ‘ನನಗೆ ಅದು ಒಗ್ಗುತ್ತದೆ’ ಎನ್ನುವ ತಾರಾ ಆಟಗಾರ ಸುಳ್ಳು ಹೇಳುತ್ತಿರಲಾರ, ಆದರೆ ಒಗ್ಗಿದ್ದು ಪುಡಿಯೋ ನಂಬಿಕೆಯೋ ಅವನಿಗೂ ತಿಳಿಯದು.

ಮಾತ್ರೆಯೊಳಗೆ ಬರೆಯದೆ ಉಳಿದದ್ದು

ಪ್ರಯೋಜನ ಅನುಮಾನದ್ದು ಎಂದಾದರೆ ಅಪಾಯದ ತೂಕ ಹೆಚ್ಚುತ್ತದೆ. ಜರ್ಮನಿಯ ಕೊಲೋನ್‌ನ ಪ್ರಯೋಗಾಲಯ 13 ದೇಶಗಳಿಂದ ತರಿಸಿದ 634 ಪೂರಕಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದ ಫಲಿತಾಂಶ ಈಗಲೂ ಕ್ರೀಡಾ ವೈದ್ಯರ ಬಾಯಲ್ಲಿದೆ: 94 ಪೂರಕಗಳಲ್ಲಿ, ಅಂದರೆ ಸುಮಾರು ಶೇ 15ರಲ್ಲಿ, ಲೇಬಲ್ ಮೇಲೆ ಹೇಳದ ಸ್ಟೆರಾಯ್ಡ್ ಅಂಶಗಳಿದ್ದವು. ಉದ್ದೀಪನ ಮದ್ದಿನ ನಿಯಮದಲ್ಲಿ ದೇಹದೊಳಗೆ ಸಿಕ್ಕ ವಸ್ತುವಿಗೆ ಆಟಗಾರನೇ ಹೊಣೆ. ಗೊತ್ತಿರಲಿಲ್ಲ ಎಂಬುದು ಶಿಕ್ಷೆಯನ್ನು ಕಡಿಮೆ ಮಾಡಬಹುದು, ಹೊಣೆಯಿಂದ ಬಿಡಿಸುವುದಿಲ್ಲ.

ಇದರ ಬಿಸಿ ಫುಟ್‌ಬಾಲ್‌ಗೆ ಚೆನ್ನಾಗಿ ತಟ್ಟಿದೆ. ಹೆಂಡತಿಯ ತೂಕ ಇಳಿಸುವ ಮಾತ್ರೆ ನುಂಗಿದ ಮ್ಯಾಂಚೆಸ್ಟರ್ ಸಿಟಿಯ ಡಿಫೆಂಡರ್ ಕೊಲೊ ಟೂರೆ 2011ರಲ್ಲಿ ಆರು ತಿಂಗಳ ನಿಷೇಧ ಅನುಭವಿಸಿದರು. ಲಿವರ್‌ಪೂಲ್‌ನ ಡಿಫೆಂಡರ್ ಮಮದು ಸಾಖೊ ಪ್ರಕರಣ ಇನ್ನೂ ಕಹಿ. ಕೊಬ್ಬು ಕರಗಿಸುವ ಪೂರಕವೊಂದರಲ್ಲಿದ್ದ ಹೈಜೆನಮೈನ್ 2016ರಲ್ಲಿ ಅವರ ಮಾದರಿಯಲ್ಲಿ ಸಿಕ್ಕಿತು. ತಾತ್ಕಾಲಿಕ ಅಮಾನತಿನಿಂದಾಗಿ ಯುರೋಪಾ ಲೀಗ್ ಫೈನಲ್ ಕೈತಪ್ಪಿತು, ತವರಿನಲ್ಲೇ ನಡೆದ ಯೂರೊ ಟೂರ್ನಿಗೆ ಫ್ರಾನ್ಸ್ ತಂಡದಲ್ಲೂ ಜಾಗ ಸಿಗಲಿಲ್ಲ. ಆ ವಸ್ತು ನಿಷೇಧಿತವೆಂದು ಖಚಿತವಾಗಿ ಹೇಳಲಾಗದು ಎಂದು ಯುಇಎಫ್‌ಎ ಬಳಿಕ ಪ್ರಕರಣವನ್ನೇ ಕೈಬಿಟ್ಟಿತು. 2020ರಲ್ಲಿ ವಾಡಾ ಕ್ಷಮೆ ಕೇಳಿ ಪರಿಹಾರ ಕೊಡಲು ಒಪ್ಪಿತು. ಫೈನಲ್ ಮತ್ತೆ ಆಡಿಸಲು ಬರುವುದಿಲ್ಲವಲ್ಲ. ಇಟಲಿಯ ಯುವೆಂಟಸ್ ಕ್ಲಬ್‌ನ ಮಿಡ್‌ಫೀಲ್ಡರ್ ಪಾಲ್ ಪೊಗ್ಬಾಗೆ 2024ರಲ್ಲಿ ನಾಲ್ಕು ವರ್ಷಗಳ ನಿಷೇಧ ಬಿದ್ದದ್ದೂ ಪೂರಕವೊಂದರಿಂದಲೇ. ಫ್ಲೋರಿಡಾದ ವೈದ್ಯರೊಬ್ಬರು ಬರೆದುಕೊಟ್ಟ ಪೂರಕವದು. ಉದ್ದೇಶಪೂರ್ವಕವಲ್ಲ ಎಂದು ಒಪ್ಪಿದ ಕ್ರೀಡಾ ನ್ಯಾಯಮಂಡಳಿ ನಿಷೇಧವನ್ನು 18 ತಿಂಗಳಿಗೆ ಇಳಿಸಿತು. ಆದರೂ ಬಳಿಕ ಯುವೆಂಟಸ್ ಜೊತೆಗಿನ ಒಪ್ಪಂದ ಮುರಿದುಬಿತ್ತು. ಈ ಮೂವರಲ್ಲಿ ಯಾರೂ ತಲೆಯ ದಣಿವಿಗೆ ಮದ್ದು ಹುಡುಕಿದವರಲ್ಲ. ಆದರೆ ಡಬ್ಬಿಯ ಮೇಲಿನ ಬರಹವನ್ನು ನಂಬುವ ಅಪಾಯ ಎಲ್ಲ ಡಬ್ಬಿಗಳಿಗೂ ಒಂದೇ, ಉತ್ತೇಜನದ ಭರವಸೆ ಕೊಡುವ ಪುಡಿಗಳಿಗೆ ತುಸು ಹೆಚ್ಚೇ. ‘ಇನ್‌ಫಾರ್ಮ್ಡ್ ಸ್ಪೋರ್ಟ್’, ‘ಎನ್‌ಎಸ್‌ಎಫ್’ ಎಂಬ ಪರೀಕ್ಷಾ ಸಂಸ್ಥೆಗಳ ಮುದ್ರೆಯ, ತಯಾರಿಯ ಪ್ರತಿ ಕಂತೂ (ಬ್ಯಾಚ್) ಪರೀಕ್ಷೆಗೊಳಪಟ್ಟ ಪೂರಕಗಳು ಅಪಾಯವನ್ನು ತಗ್ಗಿಸುತ್ತವೆ, ಇಲ್ಲವಾಗಿಸುವುದಿಲ್ಲ.

ಪೂರಕ ಎನ್ನಲಾಗದ, ಆದರೆ ಅದೇ ಬಾಗಿಲಿನಿಂದ ಒಳಬರುವ ಇನ್ನೊಂದು ಪದಾರ್ಥ ತುಟಿಯಡಿ ಇಟ್ಟುಕೊಳ್ಳುವ ಸ್ನೂಸ್ ಎಂಬ ತಂಬಾಕು ಮತ್ತು ನಿಕೋಟಿನ್ ಚೀಲ. ಇಂಗ್ಲೆಂಡ್‌ನ ವೃತ್ತಿಪರ ಆಟಗಾರರಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು ಇದನ್ನು ಬಳಸುತ್ತಿರುವುದಾಗಿ ಲಫ್‌ಬರೋ ವಿಶ್ವವಿದ್ಯಾಲಯ ಆಟಗಾರರ ಸಂಘದೊಂದಿಗೆ ನಡೆಸಿದ 2024ರ ಸಮೀಕ್ಷೆ ತಿಳಿಸಿತು. ಪಂದ್ಯದ ಬಳಿಕ ನಿರಾಳವಾಗಲು ಎಂಬುದು ಕೇಳಿಬಂದ ಕಾರಣಗಳಲ್ಲಿ ಒಂದು. ಪಂದ್ಯಕ್ಕೆ ಮೊದಲು ಏರಿಸಲು ಒಂದು ರಾಸಾಯನಿಕ, ಮುಗಿದ ಮೇಲೆ ಇಳಿಸಲು ಇನ್ನೊಂದು.

ತಲೆ ಭಾರವೆನ್ನುವ ಆಟಗಾರನಿಗೆ ಡಬ್ಬಿ ಕೊಡುವ ಮೊದಲು ವೈದ್ಯರು ನೋಡಬೇಕಾದ ಬೇರೆ ಸಂಗತಿಗಳೂ ಇವೆ. ಕಬ್ಬಿಣಾಂಶದ ಕೊರತೆ, ಅದರಲ್ಲೂ ಮಹಿಳಾ ಆಟಗಾರ್ತಿಯರಲ್ಲಿ, ವ್ಯಾಯಾಮಕ್ಕೆ ತಕ್ಕಷ್ಟು ತಿನ್ನದಿರುವುದು, ತಲೆಗೆ ಬಿದ್ದ ಪೆಟ್ಟಿನ ನಂತರದ ಮಂಕು, ಖಿನ್ನತೆ. ಇವೆಲ್ಲ ಹೊರನೋಟಕ್ಕೆ ಮಾನಸಿಕ ದಣಿವಿನಂತೆಯೇ ಕಾಣುತ್ತವೆ. ರಕ್ತಪರೀಕ್ಷೆಯಲ್ಲಿ ಕೊರತೆ ಕಂಡವರಿಗೆ ಕಬ್ಬಿಣದ ಮಾತ್ರೆ ಯಾವ ‘ಏಕಾಗ್ರತೆಯ ಪುಡಿ’ಗಿಂತಲೂ ಹೆಚ್ಚು ಕೆಲಸ ಮಾಡೀತು.

ಇನ್ನು ದಣಿವು ಬರುವ ದಾರಿ. 2024–25ರಿಂದ ಚಾಂಪಿಯನ್ಸ್ ಲೀಗ್‌ನಲ್ಲಿ 36 ಕ್ಲಬ್‌ಗಳು. ಮೊದಲ ಹಂತದಲ್ಲೇ ಪ್ರತಿ ತಂಡಕ್ಕೆ ಆರರ ಬದಲು ಎಂಟು ಪಂದ್ಯ. 2025ರ ಬೇಸಿಗೆಯ ಬಿಡುವಿಗೆ 32 ತಂಡಗಳ ಕ್ಲಬ್ ವಿಶ್ವಕಪ್ ಬಂದು ಕೂತಿತು. 2026ರ ವಿಶ್ವಕಪ್‌ಗೆ 48 ತಂಡ, 64ರ ಬದಲು 104 ಪಂದ್ಯ. ಆಟಗಾರರು ಮುಷ್ಕರದ ಸನಿಹದಲ್ಲಿದ್ದಾರೆ ಎಂದು ಮ್ಯಾಂಚೆಸ್ಟರ್ ಸಿಟಿಯ ರೋಡ್ರಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದರು. ಕೆಲವೇ ದಿನಗಳಲ್ಲಿ ಮೊಣಕಾಲಿನ ಗಾಯದಿಂದ ಮೈದಾನ ತೊರೆದರು. ಅದೇ ಅಕ್ಟೋಬರ್‌ನಲ್ಲಿ ಆಟಗಾರರ ಸಂಘಟನೆ ಫಿಫ್‌ಪ್ರೊದ ಯುರೋಪ್ ಘಟಕ ಮತ್ತು ಯುರೋಪ್‌ನ ಲೀಗ್‌ಗಳು ಫಿಫಾ ವಿರುದ್ಧ ಐರೋಪ್ಯ ಆಯೋಗಕ್ಕೆ ದೂರು ಕೊಟ್ಟವು. ಪಂದ್ಯಗಳನ್ನು ಹೆಚ್ಚಿಸಿ ಹಣ ಗಳಿಸುವುದು ಸಂಘಟಕರು, ದಣಿವನ್ನು ಹೊರುವುದು ಆಟಗಾರ, ಪರಿಹಾರವೆಂದು ಪುಡಿ ಮಾರುವುದು ಮೂರನೆಯವರು. ಪೂರಕ ಕೈಗೆ ಬಂದ ಕ್ಷಣ ವೇಳಾಪಟ್ಟಿಯ ಕೊರತೆ ಆಟಗಾರನ ದೇಹದ ಕೊರತೆಯಾಗಿ ಬದಲಾಗುತ್ತದೆ, ಅದನ್ನು ತುಂಬಿಕೊಳ್ಳುವ ಹೊಣೆಯೂ ಅವನದಾಗುತ್ತದೆ. ಈ ಇಡೀ ವಿಚಾರದಲ್ಲಿ ನನಗೆ ಒಪ್ಪಿಗೆಯಾಗದ್ದು ಇದೇ.

ಎರಡು ಪಂದ್ಯಗಳ ನಡುವೆ ಕನಿಷ್ಠ 72 ಗಂಟೆ, ಋತುವಿನ ಕೊನೆಗೆ ಕನಿಷ್ಠ 21 ದಿನಗಳ ವಿಶ್ರಾಂತಿ ಇರಬೇಕೆಂಬ ಒಮ್ಮತ ಮೂಡಿದೆ ಎಂದು ಫಿಫಾ 2025ರ ಜುಲೈನಲ್ಲಿ ಹೇಳಿತು. ಆ ಸಭೆಗೆ ತಮ್ಮನ್ನು ಕರೆಯಲೇ ಇಲ್ಲ ಎಂದು ಫಿಫ್‌ಪ್ರೊ ಆಕ್ಷೇಪಿಸಿತು. ಈ 72 ಗಂಟೆ ಕಾಲಿನ ಲೆಕ್ಕ. ಅದರೊಳಗೇ ವಿಮಾನ ಪ್ರಯಾಣ, ಎದುರಾಳಿ ತಂಡದ ವಿಡಿಯೊ ವಿಶ್ಲೇಷಣೆ, ಪತ್ರಿಕಾಗೋಷ್ಠಿ, ಪ್ರಾಯೋಜಕರ ಚಿತ್ರೀಕರಣ, ಜಾಲತಾಣದ ಬೈಗುಳ ಎಲ್ಲವೂ ಇರುತ್ತವೆ. ವಿಡಿಯೊ ಸಭೆಯನ್ನು ಪಂದ್ಯದ ದಿನದಿಂದ ಹಿಂದಿನ ದಿನಕ್ಕೆ ಸರಿಸುವುದು, ಪಂದ್ಯಕ್ಕೆ ಮೊದಲಿನ ಒಂದು ಗಂಟೆ ಮೊಬೈಲ್ ದೂರವಿಡುವುದು, ರಾತ್ರಿ ಪಂದ್ಯದ ಮರುದಿನದ ಅಭ್ಯಾಸವನ್ನು ಮಧ್ಯಾಹ್ನಕ್ಕೆ ತಳ್ಳುವುದು ಕ್ಲಬ್‌ಗಳ ಕೈಯಲ್ಲೇ ಇದೆ. ಇವಕ್ಕೆ ಯಾವ ಪ್ರಯೋಗಾಲಯದ ಮುದ್ರೆಯೂ ಬೇಕಿಲ್ಲ, ಉದ್ದೀಪನ ಮದ್ದಿನ ಪರೀಕ್ಷೆಯ ಭಯವೂ ಇಲ್ಲ. ಪಂದ್ಯಗಳ ಸಂಖ್ಯೆಯನ್ನು ಇಳಿಸುವುದು ಮಾತ್ರ ಕ್ಲಬ್‌ನ ವೈದ್ಯರಿಂದಲೂ ಕೋಚ್‌ನಿಂದಲೂ ಆಗುವ ಕೆಲಸವಲ್ಲ. ಅದಕ್ಕೆ ಫಿಫಾ, ಯುಇಎಫ್‌ಎ ಮತ್ತು ಲೀಗ್‌ಗಳು ಆಟಗಾರರ ಸಂಘಟನೆಗಳನ್ನು ಎದುರು ಕೂರಿಸಿಕೊಂಡು ಮಾತಾಡಬೇಕಾಗುತ್ತದೆ.